ಉರುಳು ಹಾಕುವುದು ನ್ಯಾಯವಲ್ಲ

ಮಾನ್ಯರೇ,

ಮಲೆನಾಡಿನಲ್ಲಿ ಕಾಡುಹಂದಿ ಹಿಂಡು ಒಂದು ರಾತ್ರಿ ಗದ್ದೆಗೆ ನುಗ್ಗಿದರೆ ಸಾಕು, ತೆನೆ ಬಂದ ಭತ್ತ ಕೆಸರಲ್ಲಿ ಮಲಗಿರುತ್ತದೆ. ರೈತರ ಸಿಟ್ಟು ಸುಮ್ನೆ ಅಲ್ಲ. ಆದರೆ ಬೈಕಿನ ಕ್ಲಚ್ ವೈರ್‌ನ ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಗೊತ್ತಾಗುತ್ತದಾ? ಸಿಕ್ಕಿಬಿದ್ದ ಪ್ರಾಣಿ ಎಳೆದಷ್ಟೂ ತಂತಿ ಸೊಂಟದೊಳಕ್ಕೆ ಇಳಿಯುತ್ತದೆ, ಗಂಟೆಗಟ್ಟಲೆ ನರಳಿ ಸಾಯುತ್ತದೆ. 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಸಿಡಿಮದ್ದು ಕಚ್ಚಿ ಸತ್ತ ಗರ್ಭಿಣಿ ಆನೆಯನ್ನು ಮರೆಯಲು ಆಗುವುದಿಲ್ಲ. ಬೇರೆ ದಾರಿಯೇ ಇಲ್ಲದ ಕಡೆ ಅರಣ್ಯ ಇಲಾಖೆಯೇ ತರಬೇತಿ ಪಡೆದವರಿಂದ ಹಂದಿ ಹೊಡೆಸಲಿ. ಅದನ್ನು ನಾನು ತಪ್ಪೆನ್ನುವುದಿಲ್ಲ. ಅದಕ್ಕೂ ಮೊದಲು ಬೆಳೆ ಪರಿಹಾರ ಮುಂದಿನ ಬಿತ್ತನೆಯೊಳಗೆ ಕೈಸೇರಲಿ, ಸೋಲಾರ್ ಬೇಲಿಯ ಸಬ್ಸಿಡಿ ಸಣ್ಣ ಹಿಡುವಳಿಯವರಿಗೂ ಸಿಗಲಿ.

– ಒಬ್ಬ ಕೃಷಿಕ, ತೀರ್ಥಹಳ್ಳಿ