ಅಪ್ಪನ ನೆನಪು: ಎಲ್ಲರೂ ಒಂದೊಂದು ಕಳಿಸಿ

ಅತ್ತೆ, ಅಕ್ಕ, ಭಾವ, ಮಕ್ಕಳೆಲ್ಲರಿಗೂ,

ವರ್ಷದ ತಿಥಿಗೆ ಮುಂಚೆ ಅಪ್ಪನ ನೆನಪುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ ಅಂತಿದ್ದೇನೆ. "ಒಳ್ಳೆಯವರು, ಮಾತು ಕಮ್ಮಿ" ಅಂತಷ್ಟೇ ಬರೀಬೇಡಿ. ಅದು ಎಲ್ಲರಿಗೂ ಗೊತ್ತಿರುವುದೇ ಅಲ್ವಾ? ಕಣ್ಣಾರೆ ಕಂಡದ್ದು ಬೇಕು.

ರೇಡಿಯೋದಲ್ಲಿ ಪ್ರದೇಶ ಸಮಾಚಾರ ಶುರುವಾದ ಕೂಡಲೇ ಎಚ್‌ಎಂಟಿ ವಾಚಿಗೆ ಕೀ ಕೊಡುತ್ತಿದ್ದರು. ಕಿವಿಗೆ ಹಿಡಿದು ಕೇಳಿ, ಆಮೇಲೇ ಕಟ್ಟಿಕೊಳ್ಳುವುದು. ಸಾರಿಗೆ ಉಪ್ಪು ಕಮ್ಮಿಯಾದರೆ ಬಾಯಿಬಿಟ್ಟು ಹೇಳಿದವರಲ್ಲ. ಉಪ್ಪಿನಕಾಯಿ ಜಾಡಿಯನ್ನು ಸುಮ್ನೆ ಹತ್ತಿರ ಎಳೆದುಕೊಳ್ಳುತ್ತಿದ್ದರು. ಅಮ್ಮನಿಗೆ ಸಿಟ್ಟು ಬರಲು ಅಷ್ಟು ಸಾಕಿತ್ತು! ಅಕ್ಕ ಎಸ್ಸೆಸ್ಸೆಲ್ಸಿ ಪಾಸಾದ ದಿನ ಒಂದು ಮಾತೂ ಹೊಗಳಲಿಲ್ಲ. ಸಂಜೆ ಚೀಲದಲ್ಲಿ ಮೈಸೂರು ಪಾಕಿನ ಪೊಟ್ಟಣ ಇತ್ತು, ಅದನ್ನೂ ಅಮ್ಮನ ಕೈಗೇ ಕೊಟ್ಟರು.

ಅತ್ತೆ, ಅವರು ಹುಡುಗನಾಗಿದ್ದಾಗಿನ ಕತೆ ನಿಮಗೊಬ್ಬರಿಗೇ ಗೊತ್ತು. ಟೈಪ್ ಮಾಡುವುದು ಕಷ್ಟವಾದರೆ ವಾಯ್ಸ್ ಮೆಸೇಜ್ ಹಾಕಿ, ನಾನು ಬರೆದುಕೊಳ್ಳುತ್ತೇನೆ. ಹಳೇ ಫೋಟೋ ಕಳಿಸುವವರು ಅದರ ಬೆನ್ನಿನದ್ದೂ ತೆಗೆದು ಕಳಿಸಿ. ಅಪ್ಪ ಅಲ್ಲಿ ತಾರೀಕು, ಊರು ಬರೆದಿಡುತ್ತಿದ್ದರು.

ಈ ವಾರ ಗುಡ್ ಮಾರ್ನಿಂಗ್ ಚಿತ್ರಗಳು ಸ್ವಲ್ಪ ಕಮ್ಮಿ ಇರಲಿ, ಹುಡುಕುವುದು ಕಷ್ಟ (ಭಾವ, ನಿಮಗೇ ಹೇಳಿದ್ದು). ಭಾನುವಾರದೊಳಗೆ ಕಳಿಸಿಬಿಡಿ.