ಅಮ್ಮನ ಕೈಯಿಂದ ಮತ್ತೆ ಗೂಡು

ಕಳೆದ ಗುರುವಾರ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ನಮ್ಮ ಮನೆಯ ರೇಷ್ಮೆಗೂಡು ಹೋಯಿತು. ಅಮ್ಮ ಕಾಯಿಲೆ ಬಿದ್ದ ಮೇಲೆ, ಹದಿನಾಲ್ಕು ತಿಂಗಳ ನಂತರದ ಮೊದಲ ಬೆಳೆ. ಹಣ್ಣಾದ ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಟ್ಟವಳು ಅಮ್ಮ. ಮೊದಲಿಗಿಂತ ಎರಡರಷ್ಟು ಹೊತ್ತು ಹಿಡಿಯಿತು, ಹಿಡಿಯಲಿ.

ಮೊದಲ ಋಣ ಪಕ್ಕದ ಮನೆಯ ಅತ್ತೆಯದು. ಜ್ವರದ ಮೂರನೆಯ ದಿನ ಅಮ್ಮ ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನು ಮಗುವೆಂದು ಮಾತನಾಡಿಸತೊಡಗಿದಳು. ಗಾಳಿ ಸೋಕಿದೆ, ತಾಯಿತ ಕಟ್ಟಿಸಿ ಎಂದವರ ನಡುವೆ, "ಇದು ಮಿದುಳಿನದು, ಈಗಲೇ ಹೊರಡಿ" ಎಂದು ಗದರಿದವರು ಅತ್ತೆ. ಟೆಂಪೊ ಅಣ್ಣ ಅಂದಿನ ಬಾಡಿಗೆ ಬಿಟ್ಟು ಬೆಂಗಳೂರಿಗೆ ಕರೆದೊಯ್ದರು.

ಬೆನ್ನುಹುರಿಯ ನೀರಿನ ಪರೀಕ್ಷೆಯಲ್ಲಿ ಹರ್ಪಿಸ್ ಮಿದುಳುಜ್ವರ ಎಂದು ಗೊತ್ತಾಯಿತು. ತುಟಿಯ ಮೇಲೆ ಗುಳ್ಳೆ ಏಳಿಸುವ ವೈರಸ್ಸೇ ಅದು! ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಸುಮಾರು ಏಳು ಮಂದಿ ಉಳಿಯುವುದಿಲ್ಲ. 21 ದಿನ, 8 ಗಂಟೆಗೊಮ್ಮೆ ಅಸೈಕ್ಲೊವಿರ್ ಎಂಬ ವೈರಸ್ ತಡೆಯುವ ಔಷಧ. ನಡುರಾತ್ರಿಯ ಡೋಸನ್ನೂ ತಪ್ಪಿಸದ ದಾದಿಯರಿಗೆ ನಾನು ಕೈಮುಗಿಯುತ್ತೇನೆ. ಇಂಥ ಔಷಧಗಳಿಗೆ ದಾರಿ ಮಾಡಿದ ಸಂಶೋಧನೆಗಾಗಿ 1988ರಲ್ಲಿ ನೊಬೆಲ್ ಹಂಚಿಕೊಂಡ ಗರ್ಟ್ರೂಡ್ ಎಲಿಯನ್ ಅವರಿಗೂ.

ಇನ್ನು ಡಾಕ್ಟರಮ್ಮ. "ಮುಂದೆ ನನಗೆ ಎಲ್ಲವೂ ಮರೆತುಹೋಗುತ್ತದೆಯೇ ತಾಯಿ?" ಎಂದು ಅಮ್ಮ ಕೇಳಿದಾಗ ಅವರು ಕುರ್ಚಿ ಎಳೆದುಕೊಂಡು ಕುಳಿತು ವಿವರಿಸಿದರು. ಜೀವಕೋಶ ಪ್ರೋಟೀನು ತಯಾರಿಸುತ್ತದೆ, ಸರಿಯಾಗಿ ಮಡಚುತ್ತದೆ, ಕೆಟ್ಟದ್ದನ್ನು ಒಡೆದು ಹಾಕುತ್ತದೆ. ವೈರಸ್ ಹೊಕ್ಕರೆ ಕೋಶ ಅದರ ಪ್ರೋಟೀನನ್ನೇ ತಯಾರಿಸಬೇಕಾಗುತ್ತದೆ. ಈ ಸಮತೋಲ ತಪ್ಪುತ್ತದೆ. ಹರ್ಪಿಸ್ ವೈರಸ್ಸಿನ ಒಂದು ಪ್ರೋಟೀನಂತೂ ಕೋಶದ ಕಸ ತೆಗೆಯುವ ಕೆಲಸಕ್ಕೇ ಅಡ್ಡಗಾಲು ಹಾಕುತ್ತದೆ.

ಅಮ್ಮ ಥಟ್ಟನೆ, "ನಮ್ಮ ಹುಳುಗಳಿಗೆ ಬರುವ ಹಾಲುತೊಂಡೆಯ ಹಾಗೆ" ಎಂದಳು. "ಸೊಪ್ಪು ನಮ್ಮದು, ಹುಳು ನಮ್ಮದು, ಮೈಯೊಳಗೆ ಬೆಳೆಯುವುದು ಮಾತ್ರ ರೋಗ. ಗೂಡು ಕಟ್ಟುವುದಿಲ್ಲ." ಹಾಲುತೊಂಡೆಯೂ ವೈರಸ್ಸಿನದೇ ಎಂದು ಡಾಕ್ಟರಮ್ಮ ಹೇಳಿದಾಗ, ಎಷ್ಟೋ ದಿನಗಳ ಮೇಲೆ ಅಮ್ಮನ ಮುಖದಲ್ಲಿ ಹಳೆಯ ಚುರುಕು ಕಂಡಿತು.

ಅವರು ಏನನ್ನೂ ಮುಚ್ಚಿಡಲಿಲ್ಲ. ಪ್ರಯೋಗಾಲಯದಲ್ಲಿ ಈ ವೈರಸ್ ತಗುಲಿದ ನರಕೋಶಗಳಲ್ಲಿ, ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ರೋಗಿಗಳ ಮಿದುಳಿನಲ್ಲಿ ಕಾಣುವ ಅಮಿಲಾಯ್ಡ್, ಟಾವ್ ಪ್ರೋಟೀನುಗಳು ಶೇಖರವಾಗುವುದು ಕಂಡಿದೆ. ಹಾಗೆಂದು ವೈರಸ್ಸೇ ಆ ಕಾಯಿಲೆಗೆ ಕಾರಣ ಎಂದು ಸಾಬೀತಾಗಿಲ್ಲ. ನಿಮಗೆ ಬಂದೇ ಬರುತ್ತದೆ ಎಂದು ಯಾರೂ ಹೇಳಲಾರರು ಎಂದರು. ಸುಳ್ಳು ಧೈರ್ಯಕ್ಕಿಂತ ಆ ಮಾತೇ ನಮ್ಮನ್ನು ನಿಲ್ಲಿಸಿತು.

ಹೆಸರುಗಳು ಅಮ್ಮನಿಗೆ ಈಗಲೂ ತಪ್ಪುತ್ತವೆ. ಸೊಪ್ಪು ಹಾಕಿದಾಗಲೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಾಳೆ. ಗೂಡಿನ ಹಣ ಬಂದ ಸಂಜೆ ಅತ್ತೆಗೆಂದು ಸೀರೆ ತಂದೆವು. ಬಣ್ಣವನ್ನು ಅಮ್ಮನೇ ಆರಿಸಿದಳು.