ಗಾಡಿಗೆ ಎಫ್‌ಸಿ ಇದೆ, ಮಗುವಿನ ಪಕ್ಕ ಯಾರಿದ್ದಾರೆ?

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗುವ ಹೊತ್ತಿಗೆ ಶಾಲಾ ವಾಹನಗಳ ತಪಾಸಣೆ ನಡೆಯುತ್ತದೆ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ), ಇನ್ಶೂರೆನ್ಸ್, ಸ್ಪೀಡ್ ಗವರ್ನರ್, ಫಸ್ಟ್ ಏಡ್ ಬಾಕ್ಸ್, ಕಿಟಕಿಯ ಸರಳು ಎಲ್ಲ ನೋಡುತ್ತಾರೆ. ನೋಡಲೇಬೇಕು, ತಕರಾರಿಲ್ಲ. ನಾನು ಆಲ್ದೂರು ಕಡೆಯ ಎಸ್ಟೇಟುಗಳಿಂದ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಚಿಕ್ಕಮಗಳೂರಿಗೆ ಕರೆತರುವ ವ್ಯಾನ್ ಡ್ರೈವರ್. "ಈ ಮಗುವನ್ನು ಹೇಗೆ ಕೂರಿಸ್ತೀಯಪ್ಪ, ದಾರೀಲಿ ಫಿಟ್ಸ್ ಬಂದ್ರೆ ಏನು ಮಾಡ್ತೀಯ?" ಎಂದು ಈವರೆಗೆ ಯಾವ ಸಾಹೇಬರೂ ನನ್ನನ್ನು ಕೇಳಿಲ್ಲ.

ನಮ್ಮ ಗಾಡಿಯಲ್ಲಿ ಒಬ್ಬರು ಆಯಾ ಇದ್ದಾರೆ. ಅವರು ರಜೆ ಹಾಕಿದ ದಿನ "ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಶಾಲೆಯಿಂದ ಫೋನ್ ಬರುತ್ತದೆ. ಎಲ್ಲಿಂದ ಅಡ್ಜಸ್ಟ್ ಮಾಡುವುದು? ಮಂಜಿನಲ್ಲಿ, ತಿರುವಿನಲ್ಲಿ, ಎದುರಿಗೆ ಮರದ ಲಾರಿ ಬರುವಾಗ ನನ್ನ ಕಣ್ಣು ರಸ್ತೆ ಬಿಟ್ಟು ಕದಲುವ ಹಾಗಿಲ್ಲ. ಹಿಂದಿನ ಸೀಟಿನಲ್ಲಿ ಕೂರುವ, ಆಟಿಸಂ ಇರುವ ಹುಡುಗನೊಬ್ಬನಿಗೆ ಬೆಲ್ಟಿನ ಬಕಲ್ ಬಿಚ್ಚುವುದು ಚಿಟಿಕೆ ಹೊಡೆದಷ್ಟೇ ಸುಲಭ. ಅವನ ಸೀಟಿನಲ್ಲಿ ಬೇರೆ ಯಾರಾದರೂ ಕೂತಿದ್ದರಂತೂ ಸೀದಾ ಬಾಗಿಲಿಗೇ ಬರುತ್ತಾನೆ.

ಗಾಲಿಕುರ್ಚಿಯ ವಿಷಯದಲ್ಲಿ "ಬ್ರೇಕ್ ಹಾಕಿದೀವಲ್ಲ, ಸಾಕು" ಎನ್ನುವವರೇ ಜಾಸ್ತಿ. ಆ ಬ್ರೇಕ್ ಇರುವುದು ನಿಂತ ನೆಲಕ್ಕೆ. ಗಾಡಿ ತಿರುವಿನಲ್ಲಿ ವಾಲಿದರೆ ಕುರ್ಚಿ ಮಗು ಸಮೇತ ಜಾರುತ್ತದೆ. ಕುರ್ಚಿಯನ್ನು ಅಡ್ಡಡ್ಡ ಇಡಬಾರದು, ಗಾಡಿ ಹೋಗುವ ಕಡೆಗೇ ಅದರ ಮುಖ ಇರಬೇಕು. ಮುಂದೆ ಎರಡು, ಹಿಂದೆ ಎರಡು ಪಟ್ಟಿ ಹಾಕಿ ಕುರ್ಚಿಯ ಗಟ್ಟಿ ಫ್ರೇಮನ್ನು ಗಾಡಿಯ ನೆಲಕ್ಕೆ ಬಿಗಿಯಬೇಕು. ಚಕ್ರಕ್ಕೆ ಬಿಗಿದರೆ ಏನೂ ಉಪಯೋಗವಿಲ್ಲ. ಮಗುವಿಗೆ ಸೊಂಟಕ್ಕೂ ಭುಜಕ್ಕೂ ಬೇರೆಯೇ ಬೆಲ್ಟ್ ಬೇಕು. ಹಳೇ ಸೀರೆ ಹರಿದು ಮಗುವನ್ನು ಕುರ್ಚಿಗೆ ಕಟ್ಟಿ ಕಳಿಸುವ ತಾಯಂದಿರಿದ್ದಾರೆ. ಅವರದ್ದೇನು ತಪ್ಪು? ಬೇರೆ ದಾರಿ ಯಾರು ತೋರಿಸಿದ್ದಾರೆ ಹೇಳಿ.

ಫಿಟ್ಸ್ ಬಂದರೆ ಕೈಗೆ ಕೀ ಗೊಂಚಲು ಕೊಡುವುದು, ಹಲ್ಲಿನ ಮಧ್ಯೆ ಚಮಚ ತುರುಕುವುದು ಇನ್ನೂ ಹೋಗಿಲ್ಲ. ಬಾಯಿಗೆ ಏನೂ ಇಡಬಾರದು, ಒತ್ತಿ ಹಿಡಿಯಬಾರದು, ಪಕ್ಕಕ್ಕೆ ಮಲಗಿಸಿ ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು. ಇಷ್ಟನ್ನು ಕಲಿಸಲು ಅರ್ಧ ದಿನ ಸಾಕು, ಅಲ್ವಾ?

ಇನ್ನು ನಮ್ಮ ಮಲೆನಾಡಿನ ಮಳೆ ರಜೆ. ಜುಲೈನಲ್ಲಿ ಕೆಲವು ಸಲ ಗಾಡಿ ಹೊರಟ ಮೇಲೆ ರಜೆಯ ಸುದ್ದಿ ಬರುತ್ತದೆ. ಬೇರೆ ಶಾಲೆ ಮಕ್ಕಳು ಗೇಟಿನಲ್ಲಿ ಇಳಿದು ಕುಣಿದುಕೊಂಡು ಮನೆಗೆ ಓಡುತ್ತಾರೆ. ನಮ್ಮ ಮಕ್ಕಳನ್ನು ಹಾಗೆ ಇಳಿಸಲಾಗದು. ಎಸ್ಟೇಟ್ ಕೆಲಸಗಾರರ ಲೈನ್ ಮನೆಯ ಅಪ್ಪ, ಅಮ್ಮ ಅಷ್ಟೊತ್ತಿಗೆ ತೋಟದ ಕೆಲಸಕ್ಕೆ ಹೋಗಿರುತ್ತಾರೆ, ಅಲ್ಲಿ ಫೋನಿಗೆ ನೆಟ್‌ವರ್ಕ್ ಇಲ್ಲ. ತನ್ನ ಮನೆ ಯಾವುದೆಂದು ಹೇಳಲು ಬಾರದ ಮಗುವನ್ನು ದಾರಿಯಲ್ಲಿ ಸಿಕ್ಕವರ ಕೈಗೆ ಕೊಡಲಾದೀತೇ? ಯಾರ ಕೈಗೆ ಒಪ್ಪಿಸಬೇಕು, ಅವರಿಲ್ಲದಿದ್ದರೆ ಇನ್ಯಾರು ಎಂದು ಪ್ರತಿ ಮಗುವಿಗೂ ಬರೆದ ಪಟ್ಟಿ ಗಾಡಿಯಲ್ಲಿರಬೇಕು. ರಜೆ ಕೊಡುವುದಿದ್ದರೆ ಹಿಂದಿನ ರಾತ್ರಿಯೇ ಹೇಳಿದರೆ ಇನ್ನೂ ಒಳ್ಳೆಯದು.

ಕಾನೂನು ಇಲ್ಲ ಎಂದೇನಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಇಂಥ ಮಕ್ಕಳಿಗೆ ವಾಹನ ಸೌಲಭ್ಯ ಕೊಡಬೇಕು ಎನ್ನುತ್ತದೆ. ಹೆಚ್ಚಿನ ಆಸರೆ ಬೇಕಾದ ಮಗುವಿನ ಜೊತೆ ಬರುವವರಿಗೂ ಅದು ಸಿಗಬೇಕು. ಸರ್ಕಾರಿ ಶಾಲೆಯ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಇದೆ. ಆದರೆ ಖಾತೆಗೆ ದುಡ್ಡು ಬಂದ ಮಾತ್ರಕ್ಕೆ ಎಸ್ಟೇಟ್ ಗೇಟಿಗೆ ಗಾಡಿ ಬರುವುದಿಲ್ಲ.

ಆರ್‌ಟಿಒ, ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಮತ್ತು ವಿಕಲಚೇತನರ ಇಲಾಖೆಯ ಅಧಿಕಾರಿಗಳು ಒಟ್ಟಿಗೆ ಕೂತು ಒಂದು ನಿಯಮ ಮಾಡಲಿ: ತರಬೇತಿ ಪಡೆದ ಆಯಾ ಇಲ್ಲದೆ ಇಂಥ ಗಾಡಿ ಹೊರಡಕೂಡದು. ಒಬ್ಬರು ರಜೆಯಲ್ಲಿದ್ದರೆ ಬದಲಿಗೆ ಇನ್ನೊಬ್ಬರನ್ನು ಶಾಲೆಯೇ ಕಳಿಸಲಿ. ಆಯಾಗಳಿಗೆ ಸಂಬಳವನ್ನೂ ಸರಿಯಾಗಿ ಕೊಡಲಿ, ಇಲ್ಲದಿದ್ದರೆ ಕಲಿತವರು ಕಾಫಿ ಕೊಯ್ಲು ಶುರುವಾದ ಕೂಡಲೇ ತೋಟಕ್ಕೆ ಹೋಗುತ್ತಾರೆ. ತರಬೇತಿ ಭಾನುವಾರ ಇಟ್ಟರೂ ಸರಿ, ಬಾಡಿಗೆ ಬಿಟ್ಟು ನಾವು ಡ್ರೈವರ್‌ಗಳೂ ಬರುತ್ತೇವೆ.

ಇಂತಿ,
ಒಬ್ಬ ಶಾಲಾ ವ್ಯಾನ್ ಚಾಲಕ
ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು